ಕಲ್ಲಿಗೂ ಒಂದು ವಿಳಾಸ

ಎಲ್ಲರಿಗೂ ನಮಸ್ಕಾರ.

ನಮ್ಮ ಮನೆಯ ಮೇಜಿನ ಮೇಲೆ ಒಂದು ಕಲ್ಲಿದೆ. ಅಂಗೈ ತುಂಬುವಷ್ಟಿದೆ. ಒಂದು ತುದಿ ಚೂಪು, ಇನ್ನೊಂದು ತುದಿ ದುಂಡಗೆ. ಎರಡೂ ಮಗ್ಗುಲಿನಿಂದ ಚಕ್ಕೆ ಎಬ್ಬಿಸಿ ಯಾರೋ ಅಂಚನ್ನು ಹರಿತ ಮಾಡಿದ್ದಾರೆ. ಇದಕ್ಕೆ ಕೈಕೊಡಲಿ ಅನ್ನುತ್ತೇವೆ. ಕಾವಿಲ್ಲದ ಕೊಡಲಿ. ಮಾಂಸ ಕೊಯ್ಯಲು, ಎಲುಬು ಒಡೆಯಲು, ಗೆಡ್ಡೆ ಅಗೆಯಲು ಹಳೆ ಶಿಲಾಯುಗದ ಜನ ಬಳಸುತ್ತಿದ್ದ ಸಾಮಾನು. ಈಗ ನಮ್ಮ ಮನೆಯಲ್ಲಿ ಅದರ ಕೆಲಸ ಏನು ಗೊತ್ತೇ? ಫ್ಯಾನ್ ಗಾಳಿಗೆ ಕರೆಂಟ್ ಬಿಲ್ಲು ಹಾರದಂತೆ ಕೂತಿರುವುದು.

ಅದನ್ನು ತಂದವನು ನಾನೇ. ಕಾಲೇಜಿನ ದಿನಗಳಲ್ಲಿ ಹುಣಸಗಿ ಕಡೆ ಪ್ರವಾಸ ಹೋಗಿದ್ದೆವು. ಆಗ ಗುಲ್ಬರ್ಗಾ ಜಿಲ್ಲೆ, ಈಗ ಯಾದಗಿರಿ. ಆ ದಿನ ಮೂರೋ ನಾಲ್ಕೋ ಹಳ್ಳ ದಾಟಿದೆವು. ಒಂದು ದಂಡೆಯಲ್ಲಿ ಈ ಕಲ್ಲು ಕಣ್ಣಿಗೆ ಬಿತ್ತು. ಎತ್ತಿ ಚೀಲಕ್ಕೆ ಹಾಕಿಕೊಂಡೆ. ಯಾರಿಗೂ ಹೇಳಲಿಲ್ಲ. ಎಲ್ಲೂ ಬರೆಯಲಿಲ್ಲ. ಯಾವ ಹಳ್ಳ? ಮರಳಿನ ಮೇಲೆ ಬಿದ್ದಿತ್ತಾ, ದಂಡೆಯ ಮಣ್ಣಿನಲ್ಲಿ ಹುದುಗಿತ್ತಾ? ನೆನಪಿಲ್ಲ. ಆಮೇಲೆ ಪುರಾತತ್ವವನ್ನೇ ಓದಿದೆ, ಅದನ್ನೇ ಪಾಠ ಮಾಡಿದೆ, ನಿವೃತ್ತನೂ ಆದೆ. ಕಲ್ಲು ಮಾತ್ರ ಬಾಯಿ ಬಿಟ್ಟಿಲ್ಲ. ಬಿಡುವುದೂ ಇಲ್ಲ. ಅದರ ವಿಳಾಸ ಕಳೆದದ್ದು ನನ್ನಿಂದ.

ಪುರಾತತ್ವ, ಆದಿಮಾನವ, ಬಾಹ್ಯಾಕಾಶ, ಈ ಮೂರರಲ್ಲೂ ಇತ್ತೀಚೆಗೆ ಏನೇನು ಹೊಸದು ಸಿಕ್ಕಿದೆ, ಹೇಳಿ ಅಂತ ರೇಡಿಯೋದವರು ಇವತ್ತು ನನ್ನನ್ನು ಕರೆದಿದ್ದಾರೆ. ಹದಿನೈದು ನಿಮಿಷದಲ್ಲಿ! ಆಗಲಿ. ಮೂರಕ್ಕೂ ಸೇರಿ ನಾನು ಹೇಳುವುದು ಒಂದೇ ಮಾತು. ಕಲ್ಲಿಗಿಂತ ಕಲ್ಲು ಸಿಕ್ಕ ಜಾಗ ದೊಡ್ಡದು. ಆದ್ದರಿಂದ ಎತ್ತಬೇಡಿ. ಎಲ್ಲಿದೆ ಅಂತ ಬರೆದುಕೊಳ್ಳಿ.

ಬೆಂಗಳೂರಿನವರಿಗೆ ವಿಳಾಸದ ಕಷ್ಟ ಹೇಳಿಕೊಡಬೇಕಾ? ನಾಲ್ಕನೇ ಮೇನು, ಏಳನೇ ಕ್ರಾಸು ಅಂದರೆ ಸಾಲದು. ಯಾವ ಬಡಾವಣೆ, ಯಾವ ಸ್ಟೇಜು, ಗಣಪತಿ ಗುಡಿಯ ಹಿಂದೋ ಮುಂದೋ, ಎಷ್ಟನೇ ಮಹಡಿ, ಎಲ್ಲ ಬೇಕು. ಮಹಡಿ ಹೇಳದಿದ್ದರೆ ಕೊರಿಯರ್ ಹುಡುಗ ಕೆಳಗೇ ನಿಂತು ಫೋನ್ ಮಾಡುತ್ತಾನೆ. ಕಲ್ಲಿಗೂ ಹಾಗೇ. ಹುಣಸಗಿ ಕಡೆಯದು ಅಂದರೆ ನಮಗೆ ಸಾಲದು. ಯಾವ ಮಹಡಿ? ಅಂದರೆ ಮಣ್ಣಿನ ಯಾವ ಪದರ? ಪಕ್ಕದ ಮನೆಯಲ್ಲಿ ಯಾರಿದ್ದರು? ಎಲುಬಾ, ಇದ್ದಿಲಾ, ಬೂದಿಯಾ?

ಹುಣಸಗಿಯ ಹತ್ತಿರವೇ ಇಸಾಂಪುರ ಅಂತ ಊರಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಆ ಕಣಿವೆಯಲ್ಲಿ ವರ್ಷಗಟ್ಟಲೆ ನಡೆದಾಡಿದವರು. ಇಸಾಂಪುರದಲ್ಲಿ ಅವರು ಅಗೆದಾಗ ಸಿಕ್ಕಿದ್ದು ಒಂದು ಕಾರ್ಖಾನೆ. ಸುಣ್ಣಕಲ್ಲಿನ ಹಾಸು ಇದೆ. ಅದರಿಂದ ಕಿತ್ತ ಹಲಗೆಗಳಿವೆ. ಬಡಿಯಲು ಬಳಸಿದ ಗುಂಡುಗಳಿವೆ. ಅರ್ಧ ಮಾಡಿ ಬಿಟ್ಟ ಕೊಡಲಿಗಳಿವೆ, ಪೂರ್ತಿಯಾದವೂ ಇವೆ, ಸುತ್ತ ಹಾರಿಬಿದ್ದ ಚಕ್ಕೆಗಳೂ ಇವೆ. ಎಲ್ಲವೂ ಬಿದ್ದಲ್ಲೇ. ಬಡಗಿ ಊಟಕ್ಕೆ ಎದ್ದು ಹೋದ ಹಾಗೆ. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನಿಂದ ಕಾಲ ಲೆಕ್ಕ ಹಾಕಿದರು. ಸುಮಾರು 12 ಲಕ್ಷ ವರ್ಷ. ನಮ್ಮ ಕರ್ನಾಟಕದಲ್ಲಿ! ನನ್ನ ಮೇಜಿನ ಮೇಲಿರುವ ಕಲ್ಲೂ ಅಂಥದ್ದೇ ಒಂದು ಕಾರ್ಖಾನೆಯದಿರಬಹುದು. ಆದರೆ ಅದರ ಚಕ್ಕೆಗಳೆಲ್ಲಿ, ಗುಂಡೆಲ್ಲಿ, ಹಲ್ಲೆಲ್ಲಿ? ಎಲ್ಲವನ್ನೂ ಅಲ್ಲೇ ಬಿಟ್ಟು ನಾನು ಕೊಡಲಿಯೊಂದನ್ನೇ ತಂದೆ.

ರಾಬರ್ಟ್ ಬ್ರೂಸ್ ಫೂಟ್ ನನ್ನ ಹಾಗೆ ಮಾಡಲಿಲ್ಲ. ಅವರು ಭೂವಿಜ್ಞಾನಿ. 1863ರಲ್ಲಿ ಮದರಾಸಿನ ಹತ್ತಿರ ಪಲ್ಲಾವರದಲ್ಲಿ ಭಾರತದ ಮೊದಲ ಹಳೆ ಶಿಲಾಯುಗದ ಉಪಕರಣ ಗುರುತಿಸಿದವರು ಅವರೇ. ಅದೇ ವರ್ಷ ಅತ್ತಿರಂಪಾಕ್ಕಂ ಎಂಬ ಜಾಗವೂ ಕಣ್ಣಿಗೆ ಬಿತ್ತು. ಎಲ್ಲಿ ಏನು ಸಿಕ್ಕಿತು ಅಂತ ಅವರು ಬರೆದಿಟ್ಟರು. ಸುಮಾರು 140 ವರ್ಷ ಆದಮೇಲೆ ಪುರಾತತ್ವಜ್ಞೆ ಶಾಂತಿ ಪಪ್ಪು ಮತ್ತು ಸಂಗಡಿಗರು ಅದೇ ಅತ್ತಿರಂಪಾಕ್ಕಂನಲ್ಲಿ ಪದರ ಪದರವಾಗಿ ಅಗೆದರು. ಕೆಳಗಿನ ಪದರದ ಕೈಕೊಡಲಿಗಳಿಗೆ ಸುಮಾರು 15 ಲಕ್ಷ ವರ್ಷ ಅಂತ 2011ರಲ್ಲಿ ಪ್ರಕಟವಾಯಿತು. ಮೇಲಿನ ಪದರದಲ್ಲಿ ಬೇರೆ ತರಹದ, ಚಿಕ್ಕ, ನಾಜೂಕು ಉಪಕರಣಗಳಿದ್ದವು. ಅವುಗಳಿಗೆ 3,85,000 ವರ್ಷ ಅಂತ 2018ರಲ್ಲಿ ಗೊತ್ತಾಯಿತು.

ಕಲ್ಲಿನ ಮೇಲೆ ಜನ್ಮದಿನಾಂಕ ಬರೆದಿರುತ್ತದಾ ಅಂತ ಕೇಳುತ್ತೀರಿ, ಅಲ್ವಾ? ಕಲ್ಲಿನ ಮೇಲಿಲ್ಲ. ಜಾಗದಲ್ಲಿ ಬರೆದಿರುತ್ತದೆ. ಆಕಾಶದಿಂದ ಕಾಸ್ಮಿಕ್ ಕಿರಣಗಳು ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತವೆ. ನೆಲದ ಮೇಲೆ ಬಿದ್ದಿರುವ ಬೆಣಚುಕಲ್ಲಿನ ಒಳಗೆ ಅವು ಎರಡು ವಿಶೇಷ ಪರಮಾಣು ಹುಟ್ಟಿಸುತ್ತವೆ. ಅಲ್ಯೂಮಿನಿಯಂ-26, ಬೆರಿಲಿಯಂ-10. ಕಲ್ಲು ಆಳವಾಗಿ ಮಣ್ಣಿನಲ್ಲಿ ಹೂತರೆ ಕಿರಣ ತಲುಪುವುದಿಲ್ಲ, ಹೊಸದು ಹುಟ್ಟುವುದಿಲ್ಲ. ಇದ್ದದ್ದು ಸವೆಯುತ್ತದೆ. ಒಂದು ಬೇಗ ಸವೆಯುತ್ತದೆ, ಇನ್ನೊಂದು ನಿಧಾನ. ಎರಡರಲ್ಲಿ ಎಷ್ಟೆಷ್ಟು ಉಳಿದಿದೆ ಅಂತ ಅಳೆದರೆ ಹೂತು ಎಷ್ಟು ಕಾಲವಾಯಿತು ಅಂತ ಗೊತ್ತಾಗುತ್ತದೆ. ನೋಡಿ, ನೆಲದ ಕೆಳಗಿನ ಕೊಡಲಿಗೆ ವಯಸ್ಸು ಹೇಳಲು ಆಕಾಶ ಬೇಕಾಯಿತು!

ಇನ್ನೊಂದು ಗಡಿಯಾರ ಮರಳಿನ ಕಣದಲ್ಲಿದೆ. ಅದು ಕತ್ತಲಲ್ಲಿ ಓಡುತ್ತದೆ, ಬಿಸಿಲು ತಾಗಿದರೆ ಸೊನ್ನೆಗೆ ಬರುತ್ತದೆ. ಅದಕ್ಕೇ ಆ ಮಣ್ಣನ್ನು ಉಕ್ಕಿನ ಕೊಳವೆ ಹೊಡೆದು ತೆಗೆದು, ಹಳೆಯ ಕಾಲದ ಫೋಟೋ ಸ್ಟುಡಿಯೋದವರ ಹಾಗೆ ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ ಬಿಚ್ಚುತ್ತಾರೆ. ನೀವು ಸಲಿಕೆ ಹಾಕಿ ಕೆದರಿ ಬಿಸಿಲಿಗೆ ಹರಡಿದಿರೋ, ಗಡಿಯಾರ ಹೋಯಿತು. ಮೂರು ಲಕ್ಷ ವರ್ಷ ಓಡಿದ ಗಡಿಯಾರವನ್ನು ಒಂದು ಮಧ್ಯಾಹ್ನ ಒಡೆದ ಹಾಗೆ.

ಕಬ್ಬಿಣದ ಸುದ್ದಿ ನೀವು ಪತ್ರಿಕೆಯಲ್ಲಿ ಓದಿರುತ್ತೀರಿ. ತಮಿಳುನಾಡಿನ ಶಿವಗಳೈನಲ್ಲಿ ಕಬ್ಬಿಣದ ಬಳಕೆ ಕ್ರಿ.ಪೂ. 3345ರಷ್ಟು ಹಿಂದಕ್ಕೆ ಹೋಗುತ್ತದೆ ಅಂತ 2025ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಪ್ರಕಟಿಸಿತು. ಆ ವಯಸ್ಸು ಕಬ್ಬಿಣ ಹೇಳಿದ್ದಲ್ಲ. ಅದರ ಜೊತೆಗೆ ಇದ್ದ ಇದ್ದಿಲು ಹೇಳಿದ್ದು. ಕಬ್ಬಿಣ ಎತ್ತಿಕೊಂಡು ಇದ್ದಿಲು ಬಿಸಾಡಿದ್ದರೆ ಗುಜರಿ ಅಂಗಡಿಗೆ ಒಂದು ತುಂಡು ಜಾಸ್ತಿ ಆಗುತ್ತಿತ್ತು, ಅಷ್ಟೇ.

ಈಗ ನನಗೆ ಬಹಳ ಇಷ್ಟವಾದ ಪ್ರಸಂಗ. ಸ್ವಲ್ಪ ಉದ್ದ ಇದೆ, ಕೇಳಿ.

1933. ಚೀನಾದ ಈಶಾನ್ಯ ಮೂಲೆ, ಹಾರ್ಬಿನ್ ಊರು. ಸೊಂಗ್‌ಹುವಾ ನದಿಗೆ ಸೇತುವೆ ಕಟ್ಟುತ್ತಿದ್ದಾರೆ. ಊರು ಜಪಾನಿಯರ ಹಿಡಿತದಲ್ಲಿದೆ. ಕೂಲಿ ಮಾಡುತ್ತಿದ್ದ ಒಬ್ಬ ಚೀನೀಯನಿಗೆ ಮಣ್ಣಿನಲ್ಲಿ ಒಂದು ತಲೆಬುರುಡೆ ಸಿಕ್ಕಿತು. ಸಾಧಾರಣ ಬುರುಡೆ ಅಲ್ಲ. ಭಾರೀ ದೊಡ್ಡದು. ಹುಬ್ಬಿನ ಎಲುಬು ಬಾಗಿಲ ಮೇಲಿನ ಸಜ್ಜದ ಹಾಗೆ ಮುಂದಕ್ಕೆ ಚಾಚಿದೆ. ಅದಕ್ಕೂ ನಾಲ್ಕು ವರ್ಷ ಮುಂಚೆ ಬೀಜಿಂಗ್ ಹತ್ತಿರ ಪೀಕಿಂಗ್ ಮಾನವ ಎಂಬ ಆದಿಮಾನವನ ಬುರುಡೆ ಸಿಕ್ಕಿ ದೇಶವೆಲ್ಲ ಸುದ್ದಿಯಾಗಿತ್ತು. ಇದಕ್ಕೂ ಬೆಲೆ ಇದೆ ಅಂತ ಈ ಮನುಷ್ಯನಿಗೆ ಅನ್ನಿಸಿರಬೇಕು. ಜಪಾನಿಯರ ಕೈಗೆ ಕೊಡಲು ಮನಸ್ಸಾಗಲಿಲ್ಲ. ಏನು ಮಾಡಿದ? ಒಂದು ಪಾಳುಬಾವಿಯಲ್ಲಿ ಬಚ್ಚಿಟ್ಟ.

ಬಚ್ಚಿಟ್ಟು ಸುಮ್ನೆ ಇದ್ದ. ಎಷ್ಟು ದಿನ? ಯುದ್ಧ ಮುಗಿಯಿತು. ಜಪಾನಿಯರು ಹೋದರು. ರಾಜ್ಯ ಬದಲಾಯಿತು. ಜಪಾನಿಯರ ಕೈಕೆಳಗೆ ಕೆಲಸ ಮಾಡಿದೆ ಅಂತ ಹೇಳಿಕೊಳ್ಳುವುದೇ ಅಪಾಯವಾದ ಕಾಲ ಬಂತು. ಆತ ಬಾಯಿ ಬಿಡಲಿಲ್ಲ. ಮದುವೆ, ಮಕ್ಕಳು, ಮೊಮ್ಮಕ್ಕಳು. ಬುರುಡೆ ಬಾವಿಯಲ್ಲೇ. ಕೊನೆಗೆ ಸಾಯುವ ಮುಂಚೆ ಮನೆಯವರಿಗೆ ಹೇಳಿದ. 2018ರಲ್ಲಿ ಅವರು ಅದನ್ನು ಹೊರಗೆ ತೆಗೆದರು. 85 ವರ್ಷ! ನಮ್ಮಲ್ಲಿ ಚಿನ್ನದ ಸರವನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟರೆ ವಾರದಲ್ಲಿ ಬೀದಿಗೆಲ್ಲ ಗೊತ್ತಾಗುತ್ತದೆ.

ಆತ ಮಾಡಿದ್ದು ತಪ್ಪೇ? ಬೈಯುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಯಾಕೆಂದರೆ ಆ ಪೀಕಿಂಗ್ ಮಾನವನ ಎಲುಬುಗಳು 1941ರಲ್ಲಿ ಯುದ್ಧದ ಗಲಾಟೆಯಲ್ಲಿ ಕಳೆದುಹೋದವು. ಇವತ್ತಿಗೂ ಸಿಕ್ಕಿಲ್ಲ. ಕೂಲಿಯವನು ಬಾವಿಯಲ್ಲಿಟ್ಟದ್ದು ಉಳಿಯಿತು, ವಿದ್ವಾಂಸರು ಪೆಟ್ಟಿಗೆಯಲ್ಲಿಟ್ಟದ್ದು ಹೋಯಿತು.

ಮನೆಯವರು ಬುರುಡೆಯನ್ನು ಹೆಬೈ ಜಿಯೋ ವಿಶ್ವವಿದ್ಯಾಲಯದ ಸಂಗ್ರಹಾಲಯಕ್ಕೆ ಕೊಟ್ಟರು. ಈಗ ವಿಜ್ಞಾನಿಗಳ ಪೇಚಾಟ ನೋಡಿ. ಬುರುಡೆ ಏನೋ ಅದ್ಭುತ. ಮಿದುಳಿನ ಅಳತೆ ನಮ್ಮಷ್ಟೇ. ಮುಖ ನಮ್ಮದಲ್ಲ. ಆದರೆ ಯಾವ ಕಾಲದ್ದು? ಯಾವ ಪದರದ್ದು? ಸೇತುವೆ ಹತ್ತಿರ ಸಿಕ್ಕಿತ್ತಂತೆ ಅಂತ ಅಜ್ಜ ಹೇಳಿದ್ದರಂತೆ. ಅಂತೆ, ಅಂತೆ! ಅಂತೆ ಕಂತೆಯ ಮೇಲೆ ವಿಜ್ಞಾನ ನಡೆಯುತ್ತದಾ? ಪಕ್ಕದಲ್ಲಿ ಪ್ರಾಣಿ ಎಲುಬು ಇತ್ತಾ, ಉಪಕರಣ ಇತ್ತಾ, ಬೆಂಕಿಯ ಗುರುತು ಇತ್ತಾ? ಹೇಳಲು ಯಾರೂ ಇಲ್ಲ.

ಆಗ ಅವರನ್ನು ಕಾಪಾಡಿದ್ದು ಏನು ಗೊತ್ತಾ? ಮೂಗು. ಬುರುಡೆಯ ಮೂಗಿನ ಗೂಡಿನಲ್ಲಿ ಒಂದಿಷ್ಟು ಗಟ್ಟಿ ಮಣ್ಣು ಅಂಟಿಕೊಂಡು ಉಳಿದಿತ್ತು. ಅದನ್ನು ಕೆರೆದು ಪರೀಕ್ಷೆ ಮಾಡಿದರು. ಅತ್ತ ಸೇತುವೆಯ ಹತ್ತಿರ ಬೋರು ಕೊರೆದು ಆಳದ ಮಣ್ಣು ತೆಗೆದರು. ಎರಡನ್ನೂ ಹೋಲಿಸಿದರು. ಹೊಂದಿಕೆಯಾಯಿತು! ಅಜ್ಜ ಹೇಳಿದ್ದು ನಿಜವೇ ಇರಬೇಕು. ಆಮೇಲೆ ಎಲುಬಿನಲ್ಲಿದ್ದ ಯುರೇನಿಯಂ ಅಳೆದು ಬುರುಡೆಗೆ ಕಡಿಮೆ ಎಂದರೂ 1,46,000 ವರ್ಷ ಅಂದರು. 2021ರಲ್ಲಿ ಅದಕ್ಕೆ ಹೋಮೋ ಲೊಂಗಿ ಅಂತ ಹೆಸರಿಟ್ಟರು. ಜನ ಡ್ರ್ಯಾಗನ್ ಮನುಷ್ಯ ಅಂದರು.

ಇಷ್ಟಕ್ಕೆ ಮುಗಿಯಲಿಲ್ಲ. ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ 2008ರಲ್ಲಿ ಒಂದು ಕಿರುಬೆರಳಿನ ಚೂರು ಸಿಕ್ಕಿತ್ತು. ಅದರ ಡಿಎನ್‌ಎ ನೋಡಿದರೆ ನಮ್ಮದೂ ಅಲ್ಲ, ನಿಯಾಂಡರ್ತಾಲ್ ಎಂಬ ಅಳಿದುಹೋದ ಮಾನವನದೂ ಅಲ್ಲ, ಇನ್ನೊಂದು ಮನುಷ್ಯ ಜಾತಿಯದು. ಡೆನಿಸೋವನ್ ಅಂತ ಕರೆದರು. ಹೆಸರಿತ್ತು, ಡಿಎನ್‌ಎ ಇತ್ತು, ಮುಖ ಇರಲಿಲ್ಲ. 2025ರಲ್ಲಿ ಚಿಯಾಮೇ ಫೂ ಎಂಬ ವಿಜ್ಞಾನಿಯ ತಂಡ ಹಾರ್ಬಿನ್ ಬುರುಡೆಯಲ್ಲಿ ಡಿಎನ್‌ಎ ಹುಡುಕಿತು. ಎಲುಬಿನಲ್ಲಿ ಇಲ್ಲ. ಉಳಿದಿದ್ದ ಒಂದೇ ಒಂದು ಹಲ್ಲಿನಲ್ಲಿ ಇಲ್ಲ. ಕೊನೆಗೆ ಆ ಹಲ್ಲಿಗೆ ಮೆತ್ತಿಕೊಂಡಿದ್ದ ಗಾರೆಯಲ್ಲಿ ಸಿಕ್ಕಿತು! ದಂತವೈದ್ಯರು ಕೆರೆದು ಬಿಸಾಡುತ್ತಾರಲ್ಲ, ಅದೇ ಗಾರೆ. ಎಲುಬಿನ ಪ್ರೋಟೀನೂ ಅದನ್ನೇ ಹೇಳಿತು. ಇದು ಡೆನಿಸೋವನ್. ಸೈಬೀರಿಯಾದ ಕಿರುಬೆರಳಿಗೆ ಹಾರ್ಬಿನ್‌ನ ಬಾವಿಯಿಂದ ಮುಖ ಬಂತು.

ಬುರುಡೆ ಮೊದಲು ಬಾವಿಯಿಂದ ಹೊರಬಂದಾಗ ಯಾರಾದರೂ ಬ್ರಷ್ ಹಿಡಿದು ಚೆನ್ನಾಗಿ ಉಜ್ಜಿದ್ದರೆ? ಮೂಗಿನ ಮಣ್ಣೂ ಇಲ್ಲ, ಹಲ್ಲಿನ ಗಾರೆಯೂ ಇಲ್ಲ. ಫಳಫಳ ಹೊಳೆಯುವ ಅನಾಥ ಬುರುಡೆ.

ಇದರ ಪಕ್ಕದಲ್ಲೇ ಇನ್ನೊಂದನ್ನು ಇಡಬೇಕು. ಟಿಬೆಟ್ ಪ್ರಸ್ಥಭೂಮಿಯ ಅಂಚಿನಲ್ಲಿ ಬೈಶಿಯಾ ಅಂತ ಗುಹೆ. 1980ರಲ್ಲಿ ಅಲ್ಲಿಗೆ ಪ್ರಾರ್ಥನೆಗೆ ಹೋದ ಬೌದ್ಧ ಭಿಕ್ಷುವಿಗೆ ಅರ್ಧ ದವಡೆ ಸಿಕ್ಕಿತು. ಅದು ಗುರುಗಳ ಕೈಗೆ, ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಬಂತು. ಇಂಥ ಗುಹೆಯದು ಎಂಬ ಮಾತೂ ಜೊತೆಗೇ ಬಂತು. 2019ರಲ್ಲಿ ಅದು ಡೆನಿಸೋವನ್ ದವಡೆ, ಕಡಿಮೆ ಎಂದರೂ 1,60,000 ವರ್ಷದ್ದು ಅಂತ ಗೊತ್ತಾಯಿತು. ವಿಜ್ಞಾನಿಗಳು ಆ ಗುಹೆಯಲ್ಲೂ ಅಗೆದರು. ಗುಹೆಯ ಬರೀ ಮಣ್ಣಿನಲ್ಲೇ ಡೆನಿಸೋವನ್ ಡಿಎನ್‌ಎ ಸಿಕ್ಕಿತು. ಹಾರ್ಬಿನ್‌ನಲ್ಲಿ ಪೂರ್ತಿ ಬುರುಡೆ ಇದ್ದೂ ಮೂಗು ಕೆರೆಯಬೇಕಾಯಿತು. ಇಲ್ಲಿ ಅರ್ಧ ದವಡೆ ಇಡೀ ಗುಹೆಯ ಬಾಗಿಲು ತೆಗೆಯಿತು. ವಿಳಾಸ ಇತ್ತು, ಅದಕ್ಕೆ.

ಗಾಜಿನ ಆಚೆಯಿಂದ ನನಗೆ ಕೈ ತೋರಿಸುತ್ತಿದ್ದಾರೆ. ಬಾಹ್ಯಾಕಾಶ ಇನ್ನೂ ಶುರುವೇ ಆಗಿಲ್ಲ! ಬೇಗ ಬೇಗ ಹೋಗೋಣ.

ಚಂದ್ರನ ಮೇಲೆ ಇಳಿದ ಅಪೊಲೊ ಯಾತ್ರಿಗಳ ಫೋಟೋ ನೋಡಿ. ಕಲ್ಲಿನ ಪಕ್ಕ ಮೂರು ಕಾಲಿನ ಒಂದು ಕೋಲು ನಿಂತಿರುತ್ತದೆ. ಅಳತೆ, ದಿಕ್ಕು, ಬಣ್ಣ ತಿಳಿಯಲಿ ಅಂತ ಅದನ್ನಿಟ್ಟು ಮೊದಲು ಫೋಟೋ ತೆಗೆದು, ಆಮೇಲೆ ಕಲ್ಲು ಎತ್ತಿ, ಎತ್ತಿದ ಜಾಗದ ಫೋಟೋ ಮತ್ತೆ ತೆಗೆಯುತ್ತಿದ್ದರು. ಒಟ್ಟು 382 ಕಿಲೋ ತಂದರು. ಉಸಿರಾಡುವ ಗಾಳಿಯನ್ನೂ ಹೊತ್ತುಕೊಂಡು ಹೋದವರಿಗೆ ಇಷ್ಟು ತಾಳ್ಮೆ ಇತ್ತು. ಹುಣಸಗಿಯ ಹಳ್ಳದಲ್ಲಿ ನನಗೆ ಇರಲಿಲ್ಲ.

ಚಂದ್ರಯಾನ-3 ಕಲ್ಲು ತರಲಿಲ್ಲ, ಏನು ಮಹಾ ಮಾಡಿತು ಅಂತ ಒಬ್ಬರು ನನ್ನನ್ನು ಕೇಳಿದರು. ಪಾರ್ಕಿನಲ್ಲಿ ವಾಕಿಂಗ್ ಮಾಡುವಾಗ. ನನಗೆ ಸಿಟ್ಟೇ ಬಂತು. ಚಂದ್ರನಿಂದ ಸಿಡಿದು ತಾವಾಗಿಯೇ ಭೂಮಿಗೆ ಬಿದ್ದ ಕಲ್ಲುಗಳು ನಮ್ಮ ಹತ್ತಿರ ಬೇಕಾದಷ್ಟಿವೆ ಸ್ವಾಮಿ! ಚಂದ್ರನ ಯಾವ ಮೂಲೆಯವು? ಗೊತ್ತಿಲ್ಲ. 2023ರ ಆಗಸ್ಟ್ 23ರಂದು ಚಂದ್ರಯಾನದ ವಿಕ್ರಮ್ ನೌಕೆ ಇಳಿದದ್ದು ಚಂದ್ರನ ದಕ್ಷಿಣಕ್ಕೆ, ಸುಮಾರು 69 ಡಿಗ್ರಿ ಅಕ್ಷಾಂಶದಲ್ಲಿ. ಅಲ್ಲಿ ಅದರ ಗಾಡಿ ಪ್ರಜ್ಞಾನ್ ಓಡಾಡಿದ್ದು ನೂರು ಮೀಟರ್ ಚಿಲ್ಲರೆ. ನಮ್ಮ ಒಂದು ಕ್ರಾಸಿನಷ್ಟೂ ಇಲ್ಲ. ಅಷ್ಟರಲ್ಲೇ 23 ಕಡೆ ನಿಂತು ಮಣ್ಣು ಯಾವುದರಿಂದ ಆಗಿದೆ ಅಂತ ಅಳೆಯಿತು. ಎಲ್ಲಾ ಕಡೆ ಹೆಚ್ಚುಕಡಿಮೆ ಒಂದೇ ತರಹದ ಬಿಳಿ ಕಲ್ಲಿನ ಪುಡಿ. ಅಪೊಲೊ 16 ಬೇರೆ ಕಡೆಯಿಂದ ತಂದದ್ದಕ್ಕೆ ಹೋಲುತ್ತದೆ. ದೂರ ದೂರದ ಎರಡು ವಿಳಾಸದಲ್ಲಿ ಒಂದೇ ಕಲ್ಲು ಸಿಕ್ಕಿದರೆ ಏನರ್ಥ? ಒಂದು ಕಾಲದಲ್ಲಿ ಚಂದ್ರನ ಮೈಯೆಲ್ಲ ಕುದಿಯುವ ಕಲ್ಲಿನ ಕಡಲಾಗಿತ್ತು. ಹಾಲು ಆರಿದಾಗ ಕೆನೆ ಮೇಲೆ ಕಟ್ಟುವ ಹಾಗೆ ಹಗುರ ಕಲ್ಲು ತೇಲಿ ಹೆಪ್ಪುಗಟ್ಟಿತು. 2024ರಲ್ಲಿ ಇದು ಪ್ರಕಟವಾಯಿತು. ಆ ಗಾಡಿಯನ್ನು ಓಡಿಸಿದ್ದು ಎಲ್ಲಿಂದ? ನಮ್ಮ ಪೀಣ್ಯದ ಇಸ್ರೋ ಕೇಂದ್ರದಿಂದ. ಸಂಕೇತ ಹಿಡಿಯುವ 32 ಮೀಟರ್ ಅಗಲದ ದೊಡ್ಡ ಡಿಶ್ ಇರುವುದು ಇಲ್ಲೇ ಬ್ಯಾಲಾಳಿನಲ್ಲಿ. ವೀಕೆಂಡು ಅಂತ ಮೈಸೂರು ರಸ್ತೆಯಲ್ಲಿ ಹೋಗುವವರು ಅದನ್ನೂ ನೆನೆಸಿಕೊಳ್ಳಿ.

ಬೆನ್ನು ಅಂತ ಒಂದು ಕ್ಷುದ್ರಗ್ರಹ. ಅಲ್ಲಿಂದ ನಾಸಾದ ನೌಕೆ 121.6 ಗ್ರಾಂ ಪುಡಿ ತಂದು 2023ರ ಸೆಪ್ಟೆಂಬರ್‌ನಲ್ಲಿ ಯೂಟಾ ಮರುಭೂಮಿಗೆ ಇಳಿಸಿತು. ಒಂದು ಲೋಟ ಸಕ್ಕರೆಯಷ್ಟೂ ಇಲ್ಲ. ಡಬ್ಬಿಯ 35 ತಿರುಪುಗಳಲ್ಲಿ ಎರಡು ಬಿಗಿಯಾಗಿ ಕೂತುಬಿಟ್ಟವು. ನಾವಾದರೆ ಸುತ್ತಿಗೆ ತರುತ್ತಿದ್ದೆವು. ಅವರು ಅದಕ್ಕೆಂದೇ ಹೊಸ ಉಪಕರಣ ಮಾಡಿ ಮುಂದಿನ ಜನವರಿಯಲ್ಲಿ ಬಿಚ್ಚಿದರು. ಗಾಳಿ ತಾಗದಂತೆ, ಸಾರಜನಕದ ಪೆಟ್ಟಿಗೆಯೊಳಗೆ. ಒಳಗೆ ಜೀವಿಗಳು ಬಳಸುವ 20 ಅಮೈನೋ ಆಮ್ಲಗಳಲ್ಲಿ 14 ಸಿಕ್ಕಿದವು. ಡಿಎನ್‌ಎ, ಆರ್‌ಎನ್‌ಎ ಅಕ್ಷರಗಳು ಐದೂ ಸಿಕ್ಕಿದವು. ಉಪ್ಪು ನೀರು ಇಂಗಿದಾಗ ಉಳಿಯುವ ಉಪ್ಪುಗಳೂ ಇದ್ದವು. ಈ ಎಚ್ಚರಿಕೆ ಯಾಕೆ ಅಂದರೆ, 1864ರಲ್ಲಿ ಫ್ರಾನ್ಸಿನ ಓರ್ಗೇಯ್‌ನಲ್ಲಿ ಒಂದು ಉಲ್ಕೆ ಬಿತ್ತು. ಅದರಲ್ಲಿ ಬಿಳಿ ಉಪ್ಪಿನ ಗೆರೆಗಳಿವೆ, ಆಕಾಶದಲ್ಲೇ ಆದವು ಅಂತ ಬಹಳ ಕಾಲ ನಂಬಿದ್ದರು. ಕೊನೆಗೆ ನೋಡಿದರೆ ಮ್ಯೂಸಿಯಂ ಕಪಾಟಿನಲ್ಲಿ ನಮ್ಮ ಗಾಳಿಯ ತೇವಕ್ಕೆ ಹುಟ್ಟಿದ ಉಪ್ಪು!

ಮಂಗಳ ಗ್ರಹದ ಚಿರತೆ ಚುಕ್ಕೆಯ ಕಲ್ಲಿನ ಬಗ್ಗೆ ಎರಡೇ ಮಾತು. ನಾಸಾದ ಪರ್ಸಿವಿಯರೆನ್ಸ್ ಗಾಡಿ 2024ರಲ್ಲಿ ಅದನ್ನು ಕೊರೆದು ಕೊಳವೆಯಲ್ಲಿ ಮುಚ್ಚಿಟ್ಟಿತು. ಭೂಮಿಯಲ್ಲಾದರೆ ಸೂಕ್ಷ್ಮಜೀವಿಗಳು ಅಂಥ ಚುಕ್ಕೆ ಮಾಡಬಲ್ಲವು. ಕೊಳವೆ ಇನ್ನೂ ಅಲ್ಲೇ ಇದೆ. ತರಲು ಗಾಡಿ ಯಾವಾಗ ಹೋದರೂ ಸರಿ, ಯಾವ ಕಲ್ಲು, ಎಲ್ಲಿಯದು ಅಂತ ಇಂಚು ಇಂಚೂ ಬರೆದಿದೆ. ಜೇಮ್ಸ್ ವೆಬ್ ದೂರದರ್ಶಕದ ವಿಷಯಕ್ಕೆ ಸಮಯ ಇಲ್ಲ, ಕ್ಷಮಿಸಿ.

ಮತ್ತೆ ನಮ್ಮ ಊರಿಗೆ ಬರೋಣ. ಹೆಬ್ಬಾಳದಲ್ಲಿ 2018ರಲ್ಲಿ ಕಿತ್ತಯ್ಯ ಎಂಬ ವೀರನ ಕಲ್ಲು ಬೆಳಕಿಗೆ ಬಂತು. ಸುಮಾರು ಕ್ರಿ.ಶ. 750ರದ್ದು. ಅದರ ಮೇಲಿನ ಕನ್ನಡ ಅಕ್ಷರ ಓದಿದರೆ ಪೆರ್ಬೊಳಲ್ ನಾಡು ಅಂತಿದೆ. ಪೆರ್ಬೊಳಲ್ ಸವೆದು ಸವೆದು ಹೆಬ್ಬಾಳ ಆಯಿತು. ಕಲ್ಲು ಹೆಬ್ಬಾಳದಲ್ಲೇ ಇದ್ದುದರಿಂದ ತಾನೇ ಈ ಎರಡು ಹೆಸರು ಕೈ ಹಿಡಿದುಕೊಂಡದ್ದು? ಈಗ ಅಲ್ಲೇ ಮಂಟಪ ಕಟ್ಟಿ ನಿಲ್ಲಿಸಿದ್ದಾರೆ. ಫ್ಲೈಓವರ್ ಮೇಲೆ ಅರ್ಧ ಗಂಟೆ ನಿಂತೇ ಇರುತ್ತೀರಲ್ಲ, ಒಂದು ದಿನ ಇಳಿದು ನೋಡಿ ಬನ್ನಿ.

ನಿಮ್ಮ ಹೊಲದಲ್ಲೋ, ಸೈಟಿನ ಪಾಯದಲ್ಲೋ, ಕೆರೆ ಹೂಳಿನಲ್ಲೋ ಏನಾದರೂ ಕಂಡರೆ ಮಾಡಬೇಕಾದದ್ದು ಇಷ್ಟೇ. ಎತ್ತಬೇಡಿ. ಜೇಬಿನ ಪೆನ್ನು ಪಕ್ಕದಲ್ಲಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಅಪೊಲೊದವರ ಮೂರು ಕಾಲಿನ ಕೋಲು, ನಿಮ್ಮ ಪೆನ್ನು, ಎರಡೂ ಒಂದೇ. ಲೊಕೇಶನ್ ಆನ್ ಇರಲಿ. ಸುತ್ತಲಿನ ಜಾಗದ್ದೂ ಒಂದು ಫೋಟೋ ಇರಲಿ. ಆಮೇಲೆ ತಹಶೀಲ್ದಾರರಿಗೋ, ರಾಜ್ಯದ ಪುರಾತತ್ವ ಇಲಾಖೆಗೋ ಒಂದು ಪತ್ರ ಹಾಕಿ. ಅದರ ಮುಖ್ಯ ಕಚೇರಿ ಮೈಸೂರಿನಲ್ಲಿದೆ. ನೆಲದಲ್ಲಿ ಹುದುಗಿದ, ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ ಕಾನೂನೇ ಇದೆ. ಇದಕ್ಕೆ ಎಷ್ಟು ಬೆಲೆ ಬರುತ್ತೆ ಸಾರ್ ಅಂತ ದಯವಿಟ್ಟು ನನ್ನನ್ನು ಕೇಳಬೇಡಿ. ಕೇಳಿ ಕೇಳಿ ಸಾಕಾಗಿದೆ.

ಇನ್ನೊಂದೇ ಒಂದು. ಕೆಲವರು ಪಾಪ, ಗೌರವದಿಂದ ಸೋಪು ಹಚ್ಚಿ, ತೆಂಗಿನ ನಾರಿನಿಂದ ಗಸಗಸ ಉಜ್ಜಿ, ಒರೆಸಿ, ಪೇಪರಿನಲ್ಲಿ ಸುತ್ತಿ ನನ್ನ ಮನೆಗೆ ತರುತ್ತಾರೆ. ತೊಳೆಯಬೇಡಿ. ಆ ಮೂಗು ನೆನಪಿರಲಿ. ನಮಸ್ಕಾರ.